ಕಲ್ಯಾಣ ಲೋಕಲ್‌ನಲ್ಲಿ ಕಲಿತ ಬಿಳಿ ಬೋರ್ಡು

ಹಳೆಯ ಪ್ರೊಜೆಕ್ಟರ್ ಬಿಸಿಯಾದರೆ ಒಂದು ವಾಸನೆ ಬಿಡುತ್ತದೆ. ಒಳಗಿನ ಫ್ಯಾನಿಗೆ ಮೆತ್ತಿಕೊಂಡ ಧೂಳು ನಿಧಾನಕ್ಕೆ ಸುಡುವ ವಾಸನೆ. ಮೊನ್ನೆ ಖಾರಘರದ ಒಂದು ಶಾಲೆಯ ಹಾಲ್‌ನಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಶಿಕ್ಷಕರಿಗೆ ಹೊಸ ಆಪ್ ಒಂದನ್ನು ಕಲಿಸುವ ಸಭೆ ಅದು. ವೇದಿಕೆಯ ಮೇಲಿದ್ದವನು ಮಾತಿಗೊಮ್ಮೆ ‘ವೆರಿ ಸಿಂಪಲ್ ಮ್ಯಾಮ್, ವೆರಿ ಸಿಂಪಲ್’ ಎನ್ನುತ್ತಿದ್ದ. ಕೆಳಗೆ ಕೂತ ಟೀಚರುಗಳು ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ಅರ್ಥವಾದವರು ಹಾಗೆ ಆಡಿಸುವುದಿಲ್ಲ; ಬೇಗ ಮುಗಿಸು ಮಾರಾಯ, ನನ್ನ ಗಾಡಿ ತಪ್ಪುತ್ತದೆ ಅನ್ನುವವರು ಆಡಿಸುತ್ತಾರೆ. ನಾನು ಎದ್ದು ವರಾಂಡಕ್ಕೆ ಬಂದೆ. ಎದುರಿನ ಗುಡ್ಡದ ಮೇಲೆ ಮಳೆ ಇಳಿಯುತ್ತಿತ್ತು. ಗಿರಿಜಾ ಟೀಚರ್ ನೆನಪಾದರು, ಅವರ ಜೊತೆ ಎರಡು ಸಾವಿರದ ಹನ್ನೊಂದರ ಮಳೆಗಾಲ ಪೂರ್ತಿ ನೆನಪಾಯಿತು.

ಆಗ ನನಗೆ ಇಪ್ಪತ್ತಾರು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಉಡುಪಿ ಕಡೆಯಿಂದ ಬಂದು ಇಲ್ಲಿನ ಹೋಟೆಲೊಂದರ ಗಲ್ಲೆಯಲ್ಲಿ ಕೂತವರು. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಹಿಂದಿ. ಕಾಲೇಜು ಮುಗಿಸಿದ ಮೇಲೆ ಕೆಲಸದ ಮೇಲೆ ಕೆಲಸ ಬಿಟ್ಟಿದ್ದೆ. ಐರೋಲಿಯ ಕಾಲ್ ಸೆಂಟರ್, ಎಂಐಡಿಸಿ ಕಾರ್ಖಾನೆ ಪ್ರದೇಶದ ಬಣ್ಣದ ಕಂಪನಿಯ ಆಫೀಸು, ಒಂದು ಕೋಚಿಂಗ್ ಕ್ಲಾಸು, ಆಮೇಲೆ ಮೊಬೈಲ್ ಅಂಗಡಿ. ಎಲ್ಲೂ ಮನಸ್ಸು ನಿಲ್ಲಲಿಲ್ಲ. ಕೆಲವು ಕಡೆ ಅವರೇ ನಿಲ್ಲಿಸಿಕೊಳ್ಳಲಿಲ್ಲ. ಅಮ್ಮ ‘ನಿನ್ನ ಕಾಲಿಗೆ ಚಕ್ರ ಉಂಟು’ ಎಂದು ಬೈಯುತ್ತಿದ್ದಳು. ಕೂತಿದ್ದಾಗಲೂ ನನ್ನ ಮೊಣಕಾಲು ಕುಣಿಯುತ್ತಿರುತ್ತದೆ, ಇವತ್ತಿಗೂ ಕುಣಿಯುತ್ತದೆ. ಆದರೆ ಆ ವರ್ಷ ಸಿಕ್ಕ ಕೆಲಸದಲ್ಲಿ ಮೊದಲ ಬಾರಿಗೆ, ಇಲ್ಲೇ ಇದ್ದುಬಿಡೋಣ ಅನ್ನಿಸಿತು.

ಕೆಲಸ ಇಷ್ಟೇ. ಶಾಲೆಗಳಿಗೆ ಡಿಜಿಟಲ್ ಬೋರ್ಡು ಹಾಕಿಕೊಡುವ ಕಂಪನಿ ನಮ್ಮದು. ಗೋಡೆಗೆ ದೊಡ್ಡ ಬಿಳಿ ಬೋರ್ಡು, ಮಾಡಿಗೆ ಪ್ರೊಜೆಕ್ಟರ್, ಮೂಲೆಯಲ್ಲೊಂದು ಕಂಪ್ಯೂಟರ್. ಬೋರ್ಡನ್ನು ಬೆರಳಿನಿಂದ ಮುಟ್ಟಿದರೆ ಚಿತ್ರ ಓಡುತ್ತದೆ, ಅದರ ಪೆನ್ನಿನಿಂದ ಬರೆದರೆ ಅಕ್ಷರ ಮೂಡುತ್ತದೆ. ಬೋರ್ಡಿನ ಜೊತೆಗೆ ಶಾಲೆಗೊಬ್ಬಳು ಕೋಆರ್ಡಿನೇಟರ್. ಟೀಚರುಗಳಿಗೆಲ್ಲ ಬೋರ್ಡು ಕಲಿಸುವುದು, ಅವರು ಒಬ್ಬೊಬ್ಬರಾಗಿ ಪರೀಕ್ಷೆಯ ಪಾಠ ಮಾಡಿ ತೋರಿಸುವ ತನಕ ಬೆನ್ನು ಬಿಡದಿರುವುದು ಅವಳ ಪಾಡು. ನನ್ನನ್ನು ಥಾಣೆಯ ಒಂದು ಕನ್ನಡಿಗರ ಶಾಲೆಗೆ ಹಾಕಿದರು, ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಖಾರಘರದ ಆಫೀಸಿನಲ್ಲಿದ್ದ ನಮ್ಮ ಸರ್ ಮೊದಲ ದಿನವೇ ಹೇಳಿದ್ದರು: “ಸಬ್ ಟೀಚರ್ ತಯ್ಯಾರ್ ಹೋ ಗಯೇ, ತೋ ಉಸ್ ಸ್ಕೂಲ್ ಮೇ ಆಪ್ ಕಾ ಕಾಮ್ ಖತಮ್. ಫಿರ್ ದೇಖತೇ ಹೈ.” ಟೀಚರುಗಳೆಲ್ಲ ತಯಾರಾದರೆ ಆ ಶಾಲೆಯಲ್ಲಿ ನಿಮ್ಮ ಕೆಲಸ ಮುಗಿಯಿತು, ಆಮೇಲೆ ನೋಡೋಣ ಅಂತ. ಈ ‘ಫಿರ್ ದೇಖತೇ ಹೈ’ ಎಂಬುದನ್ನು ನಾನು ಹಿಂದಿನ ಕೆಲಸಗಳಲ್ಲೂ ಕೇಳಿದ್ದೆ. ಆಮೇಲೆ ಯಾರೂ ನೋಡುವುದಿಲ್ಲ.

ಅಂದರೆ ಕುಳಿತ ಕೊಂಬೆಯನ್ನು ಕಡಿಯುವುದೇ ನನ್ನ ಉದ್ಯೋಗ. ಚೆನ್ನಾಗಿ ಕಡಿದಷ್ಟೂ ಶಹಬ್ಬಾಸ್.

ಶಾಲೆಯಲ್ಲಿ ಬೆಳಿಗ್ಗೆ ಸಣ್ಣ ತರಗತಿಗಳು, ಮಧ್ಯಾಹ್ನದ ಮೇಲೆ ಹೈಸ್ಕೂಲು. ಇಂಗ್ಲಿಷ್ ಮಾಧ್ಯಮವೂ ಇತ್ತು, ಕನ್ನಡ ಮಾಧ್ಯಮವೂ ಇತ್ತು. ಮೊದಲನೆಯದು ತುಂಬಿ ತುಳುಕುತ್ತಿತ್ತು, ಎರಡನೆಯದರಲ್ಲಿ ಹಿಂದಿನ ಬೆಂಚುಗಳು ಖಾಲಿ. ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಹೆಡ್ ಸರ್ ಸ್ಟಾಫ್ ರೂಮಿಗೆ ಬಂದು ಹೊಸ ನಿಯಮ ಹೇಳಿದರು. ದೀಪಾವಳಿ ರಜೆಯೊಳಗೆ ಪ್ರತಿಯೊಬ್ಬ ಟೀಚರೂ ಡಿಜಿಟಲ್ ಬೋರ್ಡಿನ ಮೇಲೆ ಒಂದು ಪೂರ್ತಿ ಪಾಠ ಮಾಡಿ ತೋರಿಸಬೇಕು. ಆಗದವರಿಗೆ ಹತ್ತನೆಯ ತರಗತಿ ಇಲ್ಲ, ಬೆಳಗಿನ ಪಾಳಿಗೆ ಐದು-ಆರನೆಯ ಕ್ಲಾಸಿಗೆ ಹೋಗಬೇಕು. ಹೇಳಿ ಅವರು ಕನ್ನಡಕ ಒರೆಸಿಕೊಂಡರು. ಶಾಲೆಯ ಟ್ರಸ್ಟಿನವರು ಬೋರ್ಡಿಗೆ ಹಣ ಸುರಿದಿದ್ದಾರೆ, ಅದು ಗೋಡೆಗೆ ಅಲಂಕಾರವಾಗಿ ಉಳಿಯಬಾರದು ಎಂದು ಅವರ ಮೇಲೂ ಒತ್ತಡವಿತ್ತು.

ಎಲ್ಲರೂ ಗುಜುಗುಜು ಮಾಡಿದರು. ಗಿರಿಜಾ ಟೀಚರ್ ಮಾತ್ರ ನನ್ನನ್ನೇ ನೋಡುತ್ತಿದ್ದರು. ಅವರು ಕನ್ನಡ ಮಾಧ್ಯಮದ ಭೂಗೋಳದ ಟೀಚರ್. ಧಾರವಾಡದ ಕಡೆಯವರು, ಮದುವೆಯಾಗಿ ಕಲ್ಯಾಣಕ್ಕೆ ಬಂದು ಇಲ್ಲಿಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ಲಾಸಿಗೆ ಹೊರಟರೆಂದರೆ ಜಗಳಕ್ಕೆ ಹೊರಟ ಹಾಗೆ ಕಾಣುತ್ತಿತ್ತು. ಹೆಡ್ ಸರ್ ಹೋದ ಮೇಲೆ ಸೀದಾ ನನ್ನ ಹತ್ತಿರ ಬಂದರು.

“ನೀನೇ ಏನು ಬೋರ್ಡಿನಾಕಿ?”

“ಹೌದು ಟೀಚರ್, ಸುಜಾತಾ ಅಂತ.”

“ಈ ಹತ್ತನೇತ್ತೆ ಹುಡುಗರನ್ನ ಎಂಟನೇತ್ತೆಯಿಂದ ಕರಕೊಂಡು ಬಂದೀನಿ. ಮಾರ್ಚ್ ತನಕ ಮುಟ್ಟಸಬೇಕು. ನಡುವ ಇಳಿಸಿ ಹೋಗಾಕ ಬರೂದಿಲ್ಲ ನನಗ. ಏನ್ ಕಲಸ್ತಿ ಕಲಸು.”

ಮೊದಲ ದಿನವೇ ಭಾರತ ಕಳೆದುಹೋಯಿತು. ನಾನು ನಕ್ಷೆ ತೆರೆದುಕೊಟ್ಟೆ, ಟೀಚರ್ ಪೆನ್ನು ಹಿಡಿದು ಗಂಗಾ ನದಿ ಎಳೆದರು. ಗೆರೆ ಸ್ವಲ್ಪ ಸೊಟ್ಟಗಾಯಿತು. ಕರಿ ಬೋರ್ಡಿನ ಮೇಲೆ ಇಷ್ಟು ವರ್ಷ ಮಾಡಿದ ಹಾಗೆಯೇ ಅಂಗೈಯ ಅಂಚಿನಿಂದ ಅದನ್ನು ಒರೆಸಿದರು. ಬೋರ್ಡಿಗೆ ಅದು ಒರೆಸುವುದೆಂದು ಹೇಗೆ ಗೊತ್ತಾಗಬೇಕು? ಎಳೆಯಲು ಹೇಳುತ್ತಿದ್ದಾರೆ ಅಂದುಕೊಂಡಿತು. ಇಡೀ ಭಾರತ ಸರ್ರನೆ ಬಲಕ್ಕೆ ಜಾರಿ ಅಂಚಿನಾಚೆ ಹೋಯಿತು, ಶ್ರೀಲಂಕಾ ಸಮೇತ. ಹುಡುಗರು ಬೆಂಚು ಬಡಿದು ನಕ್ಕರು. ಟೀಚರ್ ಗಾಬರಿಯಿಂದ ಮತ್ತೆ ಒರೆಸಿದರು, ಇನ್ನೇನೋ ಕಿಟಕಿ ತೆರೆಯಿತು, ಅದನ್ನೂ ಒರೆಸಿದರು. ಕೊನೆಗೆ ನಾನೇ ಮೇನ್ ಸ್ವಿಚ್ ಆರಿಸಬೇಕಾಯಿತು. ಸೀಮೆಸುಣ್ಣ ಹಿಡಿದ ಕೈಗಳಿಗೆಲ್ಲ ಆ ವರ್ಷ ಇದೇ ರೋಗ. ಇತಿಹಾಸದವರು ಅಕ್ಬರನನ್ನು ಒರೆಸಿ ಓಡಿಸಿದರು, ಗಣಿತದವರು ತ್ರಿಕೋನವನ್ನು. ಬೋರ್ಡು ಮಾಡಿದವರು ಎಂದಾದರೂ ಒಬ್ಬ ಟೀಚರಿನ ಅಂಗೈ ನೋಡಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ಕಲಿಸಲು ಸಮಯವೆಲ್ಲಿ? ಬೆಳಗಿನ ಪಾಳಿಯವರು ಹೊರಬೀಳುವ ಮೊದಲೇ ಮಧ್ಯಾಹ್ನದವರು ಒಳಗೆ ನುಗ್ಗುತ್ತಾರೆ. ಸಂಜೆ ಬೆಲ್ಲಾದರೆ ಟೀಚರುಗಳ ಚಪ್ಪಲಿ ಸ್ಟೇಷನ್ನಿನ ಕಡೆಗೆ ತಾನೇ ತಾನಾಗಿ ಓಡುತ್ತದೆ. ಒಂದು ಸಂಜೆ ನಾನು ಹಟ ಹಿಡಿದು ಗಿರಿಜಾ ಟೀಚರ ಹಿಂದೆಯೇ ಥಾಣೆ ಸ್ಟೇಷನ್ನಿಗೆ ಹೋದೆ. ಅವರ ಗಾಡಿ ಥಾಣೆಯಿಂದಲೇ ಹೊರಡುವ ಕಲ್ಯಾಣ ಲೋಕಲ್. ಖಾಲಿ ಬರುತ್ತದೆ, ನಿಲ್ಲುವ ಮೊದಲೇ ಹತ್ತಿದವರಿಗೆ ಸೀಟು. ಲೇಡೀಸ್ ಡಬ್ಬಿಯಲ್ಲಿ ಅವರದೊಂದು ಗುಂಪಿತ್ತು: ಬ್ಯಾಂಕಿನವರು, ಮುನ್ಸಿಪಾಲಿಟಿಯವರು, ಒಬ್ಬ ನರ್ಸು, ನಮ್ಮ ಶಾಲೆಯ ವಿಜ್ಞಾನದ ವಿನೋದಾ ಟೀಚರ್. ವಿನೋದಾ ಟೀಚರ್ ಕುಂದಾಪುರದವರು, ನನ್ನ ಹಾಗೆಯೇ ಡೊಂಬಿವಲಿಯಲ್ಲಿ ಇಳಿಯುವವರು. ಗುಂಪಿನಲ್ಲಿ ಒಬ್ಬರು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು, ಇನ್ನೊಬ್ಬರು ಸ್ವೆಟರ್ ಹೆಣೆಯುತ್ತಿದ್ದರು. ಮನೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಹಾಗಾದರೆ ಇದೂ ಇಲ್ಲೇ ಆಗಲಿ ಎಂದು ನಾನು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಗಿರಿಜಾ ಟೀಚರ ತೊಡೆಯ ಮೇಲಿಟ್ಟೆ.

“ಏ, ಇದೇನವಾ? ಜನ ಏನಂತಾರ?”

“ಜನ ಮೆಂತ್ಯೆ ಬಿಡಿಸ್ತಿದ್ದಾರೆ ಟೀಚರ್. ನೀವು ಫೈಲ್ ಬಿಡಿಸಿ.”

ಹಾಗೆ ಶುರುವಾಯಿತು. ಕಳವಾ ಬರುವಷ್ಟರಲ್ಲಿ ಮೆಷಿನ್ ತೆರೆಯಬೇಕು, ಮುಂಬ್ರಾ ದಾಟುವಾಗ ನಕ್ಷೆ, ದಿವಾದಲ್ಲಿ ಬಣ್ಣ ಬದಲಿಸುವುದು. ಕೋಪರ್‌ನಿಂದ ಡೊಂಬಿವಲಿಗೆ ಹತ್ತುವವರ ಇಳಿಯುವವರ ಗಲಾಟೆಯಲ್ಲಿ ಎಲ್ಲವನ್ನೂ ಮುಚ್ಚಿ ಬ್ಯಾಗಿಗೆ ಹಾಕುವುದು. ಎಷ್ಟೋ ದಿನ ಪಾಠ ಮುಗಿಯದೆ ನಾನು ಡೊಂಬಿವಲಿಯಲ್ಲಿ ಇಳಿಯದೆ ಕಲ್ಯಾಣದ ತನಕ ಹೋಗಿ ಹಿಂದೆ ಬರುತ್ತಿದ್ದೆ. ಗಾಡಿ ಜಗ್ಗಿದಾಗ ಟೀಚರ ಬೆರಳು ತಪ್ಪಿ ಎಲ್ಲೋ ಬೀಳುತ್ತಿತ್ತು; ಅವರು ಮೋಟರ್‌ಮ್ಯಾನ್‌ನನ್ನು ಬೈದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಸುತ್ತ ನಿಂತವರು ಸುಮ್ಮನಿರುವವರೇ? ‘ತಿಕಡೇ ನಾಹಿ, ವರ, ವರ’, ಅಲ್ಲಲ್ಲ ಮೇಲೆ ಮೇಲೆ, ಎಂದು ಸ್ವೆಟರಿನವರು ಕಡ್ಡಿಯಿಂದ ತೋರಿಸುತ್ತಿದ್ದರು. ತಿಂಗಳೊಳಗೆ ಆ ಡಬ್ಬಿಯ ಅರ್ಧ ಹೆಂಗಸರಿಗೆ ನಮ್ಮ ಕಂಪನಿಯ ಸಾಫ್ಟ್‌ವೇರ್ ಬಂದುಬಿಟ್ಟಿತ್ತು.

ಅಂಗೈಯ ರೋಗಕ್ಕೆ ಮದ್ದು ಹೇಳಿದವರು ವಿನೋದಾ ಟೀಚರ್. “ಗಿರಿಜಕ್ಕ, ನಿಮ್ಮ ಕೈ ಖಾಲಿ ಇದ್ರೆ ಅಲ್ವಾ ಒರೆಸ್ಲಿಕ್ಕೆ ಹೋಗುದು? ಡಸ್ಟರ್ ಹಿಡ್ಕೊಳ್ಳಿ ಮಾರಾಯ್ರೆ. ಒಂದು ಕೈಯಲ್ಲಿ ಡಸ್ಟರ್, ಒಂದು ಕೈಯಲ್ಲಿ ಪೆನ್ನು. ಕೈಗೆ ನಂಬಿಕೆ ಬರ್ತದೆ, ಒರೆಸುದು ನನ್ನ ಹತ್ರ ಉಂಟು ಅಂತ.” ಅದು ಕೆಲಸ ಮಾಡಿತು. ಒರೆಸಬೇಕು ಅನ್ನಿಸಿದಾಗ ಎಡಗೈ ಡಸ್ಟರನ್ನು ಅಮುಕುತ್ತದೆ, ಅಷ್ಟರಲ್ಲಿ ಬಲಗೈಗೆ ಬುದ್ಧಿ ಬಂದು ಬೋರ್ಡಿನ ರಬ್ಬರ್ ಗುಂಡಿ ಹುಡುಕುತ್ತದೆ. ಇಂಥ ಉಪಾಯ ನಮ್ಮ ಟ್ರೇನಿಂಗಿನಲ್ಲಿ ಯಾರೂ ಹೇಳಿರಲಿಲ್ಲ.

ಇನ್ನೊಂದು ತೊಡಕಿತ್ತು. ಕಂಪನಿಯ ಸಿದ್ಧ ಪಾಠಗಳು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಮರಾಠಿಯಲ್ಲಿ ಇದ್ದವು. ಕನ್ನಡದಲ್ಲಿ ಒಂದೂ ಇರಲಿಲ್ಲ. ಇಂಗ್ಲಿಷ್ ಮಾಧ್ಯಮದವರು ಗುಂಡಿ ಒತ್ತಿ ಪಕ್ಕಕ್ಕೆ ನಿಂತರೆ ಪಾಠ ತಾನೇ ಮಾತಾಡುತ್ತಿತ್ತು. ಗಿರಿಜಾ ಟೀಚರ್ ಒಂದನ್ನು ಪೂರ್ತಿ ನೋಡಿ ಕೇಳಿದರು, “ಎಲ್ಲಾ ಅದೇ ಹೇಳಿದ್ರ ನಾ ಯಾಕ ನಿಂದರಬೇಕು, ಕಾವಲಿಗೇನು?” ಕನ್ನಡದಲ್ಲಿ ನಾವೇ ಟೈಪ್ ಮಾಡೋಣವೆಂದರೆ ಅಕ್ಷರದ ಬದಲು ಖಾಲಿ ಚೌಕಗಳು ಸಾಲಾಗಿ ನಿಲ್ಲುತ್ತಿದ್ದವು. ನಾನು ಖಾರಘರಕ್ಕೆ ಫೋನ್ ಮಾಡಿ ಮಾಡಿ ಸೋತೆ. ಟೀಚರ್ ಸೋಲಲಿಲ್ಲ. “ಅಕ್ಷರ ನಾ ಬರೀತೀನಿ, ಪೆನ್ನು ಅದ ಅಲ್ಲ. ನೀ ಚಿತ್ರ ಕೊಡು.”

ಯಾವ ಚಿತ್ರ? ಅವರು ಕಿಟಕಿಯಾಚೆ ಕೈ ತೋರಿಸಿದರು. ಮುಂಬ್ರಾದ ಗುಡ್ಡದಿಂದ ನೀರು ಬಿಳಿ ಗೆರೆಯಾಗಿ ಇಳಿಯುತ್ತಿತ್ತು, ಈಚೆ ಖಾಡಿಯ ಹಿನ್ನೀರಿನಲ್ಲಿ ಮರಳು ತೆಗೆಯುವ ದೋಣಿಗಳು. ಪರೀಕ್ಷೆಯ ಪಾಠಕ್ಕೆ ಅವರು ಆರಿಸಿಕೊಂಡದ್ದು ಉಲ್ಹಾಸ ನದಿ. ಕರ್ಜತದ ಕಡೆಯ ಗುಡ್ಡದಲ್ಲಿ ಹುಟ್ಟಿ, ಕಲ್ಯಾಣ ದಾಟಿ, ಉಪ್ಪುನೀರು ಬೆರೆತು ಖಾಡಿಯಾಗುವ ನದಿ. ನಮ್ಮ ಹುಡುಗರು ದಿನಾ ಅದರ ಪಕ್ಕದಲ್ಲೇ ಹಾಯುತ್ತಾರೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ಆಮೇಲೆ ನನ್ನ ಸಂಜೆಗಳೆಲ್ಲ ಕಿಟಕಿಯ ಕಂಬಿಗಳ ನಡುವೆ ಫೋನ್ ಹಿಡಿದು ಕಳೆದವು. ದಿವಾದ ಕೆಸರು, ಖಾಡಿಯಂಚಿನ ಗಿಡಗಳು, ಭರತ ಇಳಿತದ ಗುರುತುಗಳು. ಒಂದು ಭಾನುವಾರ ಎಂಐಡಿಸಿಯ ನಾಲೆಯ ಬಣ್ಣದ ನೀರನ್ನೂ ತೆಗೆದು ತಂದೆ. ಮಳೆಯ ದಿನ ಬಾಗಿಲ ಹತ್ತಿರದವರು ‘ಏ, ಖಿಡಕೀ ಬಂದ್ ಕರ್!’ ಎಂದು ಕಿಟಕಿ ಮುಚ್ಚುವಂತೆ ಅರಚುತ್ತಿದ್ದರು. ಟೀಚರ್ ಮರಾಠಿಯಲ್ಲಿ ಅವರಿಗೆ ನದಿಯ ಪಾಠ ಶುರು ಮಾಡಿದರೆ ಅವರೇ ಸುಮ್ಮನಾಗುತ್ತಿದ್ದರು.

ಖುಷಿಯಾಗಬೇಕಿತ್ತು ನನಗೆ. ಆಗುತ್ತಲೂ ಇತ್ತು, ಡೊಂಬಿವಲಿಯಲ್ಲಿ ಇಳಿಯುವ ತನಕ. ಇಳಿದು ಬ್ರಿಡ್ಜ್ ಹತ್ತುವಾಗ ಇನ್ನೆಷ್ಟು ಮಂದಿ ಬಾಕಿ ಎಂದು ಬೆರಳು ಮಡಿಸಿ ಎಣಿಸುತ್ತಿದ್ದೆ. ಶಾಲೆಯ ಉಳಿದ ಟೀಚರುಗಳು ಒಬ್ಬೊಬ್ಬರಾಗಿ ಪಾಸಾಗುತ್ತಿದ್ದರು. ಗಣಪತಿ ಹಬ್ಬದ ಹೊತ್ತಿಗೆ ಬೆರಳೆಣಿಕೆಯವರು ಉಳಿದರು, ನವರಾತ್ರಿ ಬಂದಾಗ ಗಿರಿಜಾ ಟೀಚರ್ ಒಬ್ಬರೇ. ಅವರು ಪಾಸಾದರೆ ನಾನು ಮನೆಗೆ. ಅವರು ಪಾಸಾಗದಿದ್ದರೆ ಅವರ ಹತ್ತನೆಯ ತರಗತಿ ಹೋಯಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಿಧಾನವಾಗಿ ಕಲಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನನ್ನ ಸ್ವಭಾವ ಗೊತ್ತಿಲ್ಲದವರು ಅವರು. ಎದುರಿಗೆ ಯಾರಾದರೂ ತಪ್ಪು ಗುಂಡಿ ಒತ್ತಿದರೆ ನನ್ನ ಕೈ ಕಡಿಯುತ್ತದೆ, ಸರಿ ಮಾಡಿಸದೆ ನಿದ್ದೆ ಬರುವುದಿಲ್ಲ. ಬೇಗ ಕಲಿಯಲಿ ಎಂದು ಗದರುತ್ತಿದ್ದೆ, ಕಲಿತರೆ ಸಂಕಟಪಡುತ್ತಿದ್ದೆ. ಮನೆಯಲ್ಲಿ ಅಮ್ಮ ಎರಡು ಸಲ ಕರೆದರೆ ರೇಗುತ್ತಿದ್ದೆ. ಒಂದು ದಿನ ತಡೆಯಲಾರದೆ ವಿನೋದಾ ಟೀಚರ ಹತ್ತಿರ ಎಲ್ಲ ಹೇಳಿಕೊಂಡೆ.

ದಸರೆಯ ಹಿಂದಿನ ದಿನ ಲೋಕಲ್ ಗಾಡಿಗೆ ಪೂಜೆ. ಮರುದಿನ ರಜೆಯಾದ್ದರಿಂದ ಡಬ್ಬಿಯ ಗುಂಪುಗಳೆಲ್ಲ ಆ ದಿನವೇ ಹಬ್ಬ ಮಾಡುತ್ತವೆ. ನಮ್ಮ ಡಬ್ಬಿಗೂ ಚೆಂಡುಹೂವಿನ ತೋರಣ ಕಟ್ಟಿದ್ದರು, ದೇವಿಯ ಪಟ ಇಟ್ಟು ಆರತಿ ಹಾಡಿದರು. ಸ್ವೆಟರಿನವರು ನನ್ನ ಲ್ಯಾಪ್‌ಟಾಪನ್ನು ಕಿತ್ತುಕೊಂಡು ಪಟದ ಮುಂದಿಟ್ಟು ಅರಿಸಿನ ಕುಂಕುಮ ಹಚ್ಚಿದರು. ನಮ್ಮ ಬನ್ನಿಯ ಹಾಗೆ ಇಲ್ಲಿ ಬಂಗಾರವೆಂದು ಕೊಡುವ ಆಪಟೆಯ ಎಲೆಗಳನ್ನು ಎಲ್ಲರೂ ಹಂಚಿಕೊಂಡರು. ಗಿರಿಜಾ ಟೀಚರ್ ನನಗೊಂದು ಎಲೆ ಕೊಟ್ಟು, “ಬಂಗಾರ ತಗೋ, ಬಂಗಾರದಂಗ ಇರೋಣ” ಎಂದರು. ಬಾಯಿಗೆ ಪೇಡೆ ಇಟ್ಟರು. ಅದೇ ಗಳಿಗೆಯಲ್ಲಿ ವಿನೋದಾ ಟೀಚರ್ ಬಾಯಿಬಿಟ್ಟರು.

“ಗಿರಿಜಕ್ಕ, ಒಂದು ಮಾತು ಹೇಳ್ಲಿಕ್ಕುಂಟು. ನೀವು ಪಾಸಾದ್ರೆ ಸುಜಾತನ ಕೆಲಸ ಹೋಗ್ತದೆ, ಗೊತ್ತುಂಟಾ?”

ಟೀಚರ್ ನನ್ನ ಕಡೆ ನೋಡಿದರು. ನಾನು ತೋರಣ ನೋಡುತ್ತ ನಿಂತೆ.

“ಹೆಡ್ ಸರ್ ಎಂಥ ಹುಲಿಯಾ? ಈಗ ಆಗ್ಲಿಲ್ಲ, ಜನವರಿಗೆ ಮಾಡ್ತೇನೆ ಅಂತ ಹೇಳಿ. ಸ್ವಲ್ಪ ಎಳೀರಿ. ಹತ್ತನೇ ಕ್ಲಾಸ್ ತೆಗೀತೇನೆ ಅಂತ ಹೆದರಿಸುದು ಅಷ್ಟೇ. ನಾವೆಲ್ಲ ಇದ್ದೇವೆ, ಹೋಗಿ ಹೇಳ್ತೇವೆ. ಪಾಪ, ಹುಡುಗಿ ಒಂದು ಕಡೆ ನಿಂತದ್ದೇ ಇದೇ ಮೊದಲು.”

ಗುಂಪಿನ ಉಳಿದವರಿಗೂ ವಿಷಯ ತಿಳಿಯಿತು. ಬ್ಯಾಂಕಿನವರು ‘ಹೋ, ಅಸಂಚ್ ಕರಾ’ ಎಂದರು, ಹಾಗೇ ಮಾಡಿ ಅಂತ. ಆ ಡಬ್ಬಿಯಲ್ಲಿ ಯಾರ ಸೀಟಿಗೂ ಕುತ್ತು ಬರಬಾರದೆಂಬುದು ಅವರ ಧರ್ಮ. ಹೊಸಬರು ಬಂದು ಕೂತರೆ ಎಲ್ಲ ಸೇರಿ ಎಬ್ಬಿಸುತ್ತಿದ್ದರು. ನನ್ನ ಕೆಲಸವೂ ಅವರ ಪಾಲಿಗೆ ಅಂಥದೇ ಒಂದು ಸೀಟು.

ಗಿರಿಜಾ ಟೀಚರ್ ಕೇಳಿದರು, “ನೀ ಏನಂತಿ?”

ಪಾಸಾಗಿ ಟೀಚರ್ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಫೇಲಾಗಿ ಎನ್ನುವುದೂ ಅಲ್ಲೇ ಪಕ್ಕದಲ್ಲಿತ್ತು. “ನಿಮಗೆ ಹೇಗೆ ಬೇಕೋ ಹಾಗೆ” ಎಂದೆ. ದಿವಾದಿಂದ ಮುಂದೆ ಅವರು ಕಿಟಕಿಯ ಕಡೆಗೆ ತಿರುಗಿ ಕೂತರು. ಸುತ್ತ ಆರತಿಯ ತಟ್ಟೆ ತಿರುಗುತ್ತಿತ್ತು, ಯಾರೋ ನನ್ನ ಹಣೆಗೂ ಕುಂಕುಮ ಇಟ್ಟರು.

ರಜೆ ಮುಗಿಸಿ ಬಂದ ಮೇಲೆ ಟೀಚರ್ ನಮ್ಮ ಡಬ್ಬಿಗೆ ಬರಲಿಲ್ಲ. ಮೊದಲ ದಿನ ತಡವಾಗಿರಬೇಕು ಅಂದುಕೊಂಡೆವು. ಎರಡನೆಯ ದಿನವೂ ಇಲ್ಲ. ಶಾಲೆಯಲ್ಲಿ ಸಿಕ್ಕರೆ ‘ಆರಾಮ ಇದ್ದೀಯಲ್ಲ’ ಎಂದು ಹೊರಟುಬಿಡುತ್ತಿದ್ದರು. ಅಭ್ಯಾಸ ಮಾಡೋಣ ಟೀಚರ್ ಎಂದರೆ ‘ನೋಡೋಣ’ ಎನ್ನುತ್ತಿದ್ದರು. ಮತ್ತೆ ಅದೇ ದೇಖತೇ ಹೈ! ಬೇರೆ ಗಾಡಿ ಹಿಡಿಯುತ್ತಿದ್ದಾರೆ ಎಂದು ಯಾರೋ ಹೇಳಿದರು. ಅವರ ಸೀಟಿನಲ್ಲಿ ನನ್ನನ್ನು ಕೂರಿಸಿದರು. ಕೂತರೆ ಮುಳ್ಳಿನ ಮೇಲೆ ಕೂತ ಹಾಗೆ. ನನ್ನ ಮೇಲೆ ಬೇಸರವಾಯಿತೋ, ಎಳೆಯಲು ನಿರ್ಧರಿಸಿದರೋ, ಕಲಿತದ್ದೆಲ್ಲ ಮರೆಯಲಿ ಎಂದು ಬಿಟ್ಟರೋ, ಒಂದೂ ತಿಳಿಯದು. ಆ ವರ್ಷ ಮಳೆ ಹೋಗಿ ಅಕ್ಟೋಬರಿನ ಸೆಕೆ ಹಿಡಿದಿತ್ತು. ಮಧ್ಯಾಹ್ನ ಕರೆಂಟು ಹೋದರೆ ಪ್ರೊಜೆಕ್ಟರ್ ಕೆಳಗೆ ಬೆವರುತ್ತ ಕೂತು, ಅವರು ಎಳೆಯಲಿ ದೇವರೇ ಎಂದು ಬೇಡಿಕೊಂಡೆ. ಕರೆಂಟು ಬಂದ ಕೂಡಲೇ ಛೇ ಅನ್ನಿಸಿತು.

ದೀಪಾವಳಿಯ ರಜೆಗೆ ಮೊದಲಿನ ಶುಕ್ರವಾರ ಪರೀಕ್ಷೆಯ ಪಾಠ. ಹೆಡ್ ಸರ್, ಟ್ರಸ್ಟಿನ ಇಬ್ಬರು ಹಿರಿಯರು, ಖಾರಘರದಿಂದ ನಮ್ಮ ಸರ್. ಅವರೆಲ್ಲ ಹಿಂದಿನ ಖಾಲಿ ಬೆಂಚುಗಳಲ್ಲಿ ಕೂತರು. ನಿಯಮದಂತೆ ಪಾಠ ನಡೆಯುವಾಗ ಕೋಆರ್ಡಿನೇಟರ್ ಒಳಗಿರುವಂತಿಲ್ಲ, ಹಿಂದಿನಿಂದ ಕೈಸನ್ನೆ ಮಾಡಬಾರದೆಂದು. ಗಿರಿಜಾ ಟೀಚರ್ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಎಡಗೈಯಲ್ಲಿ ಡಸ್ಟರ್ ಇತ್ತು. ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನಾನು ವರಾಂಡದಲ್ಲಿ ಈ ಕಂಬದಿಂದ ಆ ಕಂಬಕ್ಕೆ ನಡೆದೆ. ಒಳಗಿನಿಂದ ಮೊದಲು ಹುಡುಗರ ನಮಸ್ತೇ ಕೇಳಿಸಿತು. ಆಮೇಲೆ ಟೀಚರ ದನಿ, ಮಾತು ಬಿಡಿಸಿ ತಿಳಿಯುತ್ತಿರಲಿಲ್ಲ. ಆಮೇಲೆ ಮೌನ. ಏನಾಯಿತು? ನಕ್ಷೆ ತೆರೆಯಲಿಲ್ಲವೇ? ಎಡಗಡೆಯ ಮೂರನೆಯ ಚಿತ್ರ ಟೀಚರ್, ಎಡಗಡೆ! ನನ್ನ ಬೆರಳು ತಾನೇ ಗಾಳಿಯಲ್ಲಿ ಒತ್ತುತ್ತಿತ್ತು. ಇದ್ದಕ್ಕಿದ್ದಂತೆ ಹುಡುಗರು ಗೊಳ್ಳೆಂದು ನಕ್ಕರು. ಭಾರತ ಮತ್ತೆ ಜಾರಿತು ಅಂದುಕೊಂಡೆ. ಅವರ ಹತ್ತನೆಯ ತರಗತಿ ಹೋಯಿತು. ಅದರ ಹಿಂದೆಯೇ, ಸದ್ಯ ಕೆಲಸ ಉಳಿಯಿತು ಎಂಬ ಯೋಚನೆಯೂ ಬಂತು. ಅದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಆದರೆ ನಗುವಿನ ನಡುವೆ ಒಬ್ಬ ಹುಡುಗ ಕೂಗಿದ್ದು ಸ್ಪಷ್ಟ ಕೇಳಿಸಿತು: “ಟೀಚರ್, ಯೇ ತೋ ಅಪನಾ ಮುಂಬ್ರಾ ಹೈ!” ಇನ್ನೊಬ್ಬಳು, “ನಮ್ಮ ಮನಿ ಇಲ್ಲೇ ಬಾಜೂಕ ಅದ ಟೀಚರ್!” ಎಂದಳು. ಆಮೇಲೆ ಯಾರೂ ಸುಮ್ಮನಿರಲಿಲ್ಲ. ಎಲ್ಲಿ ನೀರು ಉಪ್ಪಾಗುತ್ತದೆ, ಆ ಬಣ್ಣದ ನೀರು ಎಲ್ಲಿಂದ ಬಂತು, ಮರಳು ತೆಗೆದರೆ ಏನಾಗುತ್ತದೆ, ಪ್ರಶ್ನೆಯ ಮೇಲೆ ಪ್ರಶ್ನೆ. ಟೀಚರ ದನಿ ಆ ಗದ್ದಲದ ಮೇಲೆ ಆರಾಮಾಗಿ ತೇಲುತ್ತಿತ್ತು.

ಬೆಲ್ಲಾಯಿತು. ಮೊದಲು ಹೊರಬಂದ ನಮ್ಮ ಸರ್ ನನ್ನ ಕೈ ಕುಲುಕಿದರು. “ಕಾಂಗ್ರಾಟ್ಸ್ ಸುಜಾತಾ. ಹಂಡ್ರೆಡ್ ಪರ್ಸೆಂಟ್ ಸ್ಕೂಲ್. ದಿವಾಲೀ ಕೇ ಬಾದ್ ಫೋನ್ ಕರತೇ ಹೈ.” ಹೆಡ್ ಸರ್ ನಗುತ್ತಿದ್ದರು. ಟ್ರಸ್ಟಿನ ಹಿರಿಯರೊಬ್ಬರು ಗಿರಿಜಾ ಟೀಚರಿಗೆ, ‘ಹತ್ತನೇದು ನಿಮ್ಮದೇ’ ಎಂದು ಹೇಳುತ್ತ ಮೆಟ್ಟಿಲಿಳಿದರು. ವಿನೋದಾ ಟೀಚರ್ ದೂರದಿಂದ ನನ್ನ ಮುಖ ನೋಡಿ ಸ್ಟಾಫ್ ರೂಮಿಗೆ ತಿರುಗಿಬಿಟ್ಟರು. ಗಿರಿಜಾ ಟೀಚರ್ ಬಂದು ಹತ್ತಿರ ನಿಂತಾಗ ನಾನು ಪ್ರೊಜೆಕ್ಟರ್ ಆರಿಸುವ ನೆಪದಲ್ಲಿ ಕ್ಲಾಸಿನೊಳಗೆ ಹೋದೆ. ನನಗೆ ಸಿಟ್ಟು ಬಂದಿತ್ತು.

ಸಂಜೆ ಅವರು ನಮ್ಮ ಡಬ್ಬಿಗೆ ಬಂದರು. ಕಿಟಕಿಯ ಪಕ್ಕ ಕೂತು, ಜರುಗಿ ನನಗೂ ಜಾಗ ಮಾಡಿದರು. ಕಳವಾ ಸೇತುವೆ ದಾಟುವ ತನಕ ನಾನು ಬ್ಯಾಗಿನ ಜಿಪ್ ತೆಗೆಯುತ್ತ ಹಾಕುತ್ತ ಕೂತೆ. ಆಮೇಲೆ ನಾನು ಕೇಳಿಯೇ ಬಿಟ್ಟೆ.

“ಇಷ್ಟು ದಿನ ಎಲ್ಲಿ ಹೋಗಿದ್ರಿ ಟೀಚರ್?”

“ಹಿಂದಿನ ಗಾಡೀಗೆ ಬರ್ತಿದ್ದೆ. ಅಳಿಯನ ಲ್ಯಾಪ್‌ಟಾಪ್ ತಂದಿದ್ದೆ. ನೀ ಬಾಜೂಕ ಇಲ್ಲದ ಬರ್ತದೋ ಇಲ್ಲೋ, ಒಬ್ಬಾಕೀನ ಕೂತು ನೋಡಬೇಕಿತ್ತು.”

“ನನಗೆ ಸೋಮವಾರದಿಂದ ಕೆಲಸ ಇಲ್ಲ.”

“ಗೊತ್ತದ.”

“ಗೊತ್ತಿದ್ದೂ...”

“ಸುಜಾತಾ, ಸುಳ್ಳು ಹೇಳೂದಿಲ್ಲ. ನನಗ ನನ್ನ ಕ್ಲಾಸ್ ಬೇಕಿತ್ತು. ಅದು ಮೊದಲ.” ಅವರು ಸೆರಗು ಬಿಡಿಸಿ ಮುಖ ಒರೆಸಿಕೊಂಡರು. “ಆದ್ರ ಅದೊಂದ ಇದ್ರ ದಸರಾ ದಿನಾನ ನಿನಗ ಹೇಳತಿದ್ದೆ, ಇಷ್ಟು ದಿನ ತಲಿ ಕೆಡಿಸ್ಕೊತಿರಲಿಲ್ಲ. ವಿನೋದಾ ಹೇಳಿದಂಗ ಬೇಕಂತ ಫೇಲಾಗಿ ನಿಂತಿದ್ರ ಅವರೆಲ್ಲಾ ಏನಂತಿದ್ರು? ಮುದಿಕೀಗೆ ಬರಲಿಲ್ಲ ಅಂತಿದ್ರು, ಅನ್ನಲಿ. ಈ ಹುಡುಗಿಗೆ ಕಲಸಾಕ ಬರೂದಿಲ್ಲ ಅಂತನೂ ಅಂತಿದ್ರು. ಬರ್ತದ ನಿನಗ. ಇಡೀ ಜನ್ಮ ಮಾಸ್ತರಕಿ ಮಾಡೀನವಾ, ಇನ್ನೊಬ್ಬ ಟೀಚರಿಗೆ ಹಂಗ ಮಾಡಾಕ ನನ್ನ ಕೈಲಿ ಆಗೂದಿಲ್ಲ.”

ನನ್ನನ್ನು ಅಲ್ಲಿಯ ತನಕ ಟೀಚರ್ ಎಂದು ಯಾರೂ ಕರೆದಿರಲಿಲ್ಲ. ಬೋರ್ಡಿನಾಕಿ, ಕಂಪನಿಯವಳು, ಮ್ಯಾಡಮ್, ಪೋರಿ, ಎಲ್ಲ ಆಗಿದ್ದೆ. ಅಷ್ಟರಲ್ಲಿ ಡೊಂಬಿವಲಿ ಬಂತು, ಜನ ನನ್ನನ್ನು ಬಾಗಿಲಿಗೆ ತಳ್ಳಿಕೊಂಡು ಹೋದರು. ಪ್ಲಾಟ್‌ಫಾರ್ಮಿನಲ್ಲಿ ನಿಂತು ತಿರುಗಿ ನೋಡಿದೆ. ಟೀಚರ್ ಕಂಬಿಯಾಚೆಯಿಂದ ಕೈಯೆತ್ತಿದರು, ನಾನು ಎತ್ತಲಿಲ್ಲ. ಸಿಟ್ಟು ಇನ್ನೂ ಇತ್ತು. ಮನೆಗೆ ಹೋಗಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

ದೀಪಾವಳಿ ಕಳೆಯಿತು. ಫೋನ್ ಬರಲಿಲ್ಲ. ನಾನೇ ಖಾರಘರಕ್ಕೆ ಹೋಗಿ ಸರ್‌ನ ಮೇಜಿನ ಮುಂದೆ ಕೂತೆ, ಮೂರು ಸಲ ಹೋಗಿ ಕೂತೆ. ಕೊನೆಗೆ ಕಾಟ ತಡೆಯಲಾರದೆ ಅಂಬರನಾಥದ ಒಂದು ಮರಾಠಿ ಶಾಲೆಗೆ, ಅದೂ ನಾಲ್ಕೇ ತಿಂಗಳಿಗೆ, ಕಳಿಸಿದರು. ಮತ್ತೊಂದು ಕೊಂಬೆ, ಅದೇ ಕೊಡಲಿ. ಮೊದಲ ದಿನ ಹೊಸ ಬಿಳಿ ಬೋರ್ಡಿನ ಮುಂದೆ ನಿಂತಿದ್ದೆ. ಅಮ್ಮನಿಗಿಂತ ದೊಡ್ಡ ಪ್ರಾಯದ ಟೀಚರೊಬ್ಬರು ಬಾಗಿಲಲ್ಲೇ ನಿಂತು ಅನುಮಾನದಿಂದ ಕೇಳಿದರು, “ತುಮ್ಹೀ ಕಂಪನೀಚ್ಯಾ ಕಾ?” ನೀವು ಕಂಪನಿಯವರಾ ಅಂತ.

“ನಾಹೀ,” ಎಂದೆ. “ಮೀ ಟೀಚರ್ ಆಹೇ. ಯಾ, ಆತ್ ಯಾ.” ನಾನೂ ಟೀಚರೇ, ಬನ್ನಿ, ಒಳಗೆ ಬನ್ನಿ ಅಂತ.

ಅವರು ಒಳಗೆ ಬಂದರು.